ಹನ್ನೊಂದನೆಯ ಕಲಮು ಮತ್ತು ಮೂರು ಅಡಿಕೆ

ಇವತ್ತು ಬೆಳಿಗ್ಗೆ ಕಾಫಿಗೆ ಹಾಲು ತೆಗೆಯೋಣವೆಂದು ಫ್ರಿಜ್ಜಿನ ಬಾಗಿಲು ತೆರೆದರೆ ವೀಳ್ಯದೆಲೆಯ ವಾಸನೆ ಮುಖಕ್ಕೆ ಬಡಿಯಿತು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಕಟ್ಟು ಎಲೆ. ಇಲ್ಲೇ ಕಿಲೆಲೆಶ್ವಾ ಬಡಾವಣೆಯಲ್ಲಿರುವ ಸ್ನೇಹಿತರೊಬ್ಬರ ಮಗಳಿಗೆ ಇವತ್ತು ನಿಶ್ಚಿತಾರ್ಥ. ಎಲೆ ಅಡಿಕೆಯ ಜವಾಬ್ದಾರಿ ನನ್ನ ಹೆಂಡತಿಯದು. ನೈರೋಬಿಯಲ್ಲಿ ವೀಳ್ಯದೆಲೆ ಸಿಗುತ್ತದೆಯೇ ಎಂದು ಊರಿನವರು ಈಗಲೂ ಕೇಳುತ್ತಾರೆ. ಸಿಗುತ್ತದೆ ಸ್ವಾಮಿ, ಎಲ್ಲ ಸಿಗುತ್ತದೆ. ತಾಂಬೂಲದ ತಟ್ಟೆ ಹಿಡಿಯಲು ಒಬ್ಬ ಹಿರಿಯರು ಸಿಗುವುದು ಮಾತ್ರ ಕಷ್ಟ. ಅಜ್ಜ ದೊಡ್ಡಪ್ಪಂದಿರೆಲ್ಲ ಊರಿನಲ್ಲೇ ಉಳಿದವರು. ಹಾಗಾಗಿ ಇಲ್ಲಿ ಯಾರ ತಲೆ ಮೊದಲು ಬೆಳ್ಳಗಾಯಿತೋ ಅವರೇ ಹಿರಿಯರು. ಕೆಲವು ವರ್ಷಗಳಿಂದ ಆ ಪಟ್ಟ ನನ್ನದು.

ಆ ಪಟ್ಟದಿಂದ ನಾನು ತಪ್ಪಿಸಿಕೊಳ್ಳುತ್ತಾ ಬಂದಿದ್ದೇನೆ. ಯಾರಾದರೂ ತಟ್ಟೆ ಹಿಡಿದು ಬಂದರೆ, "ಮಂಡಿ ನೋವು, ನಿಂತುಕೊಳ್ಳೋಕೆ ಆಗಲ್ಲ" ಎನ್ನುತ್ತೇನೆ. ಮಂಡಿ ನೋವು ಸುಳ್ಳಲ್ಲ. ಬರುವ ಮಂಗಳವಾರ ಆಪರೇಷನ್ನು; ಖರ್ಚೆಲ್ಲ ಕಂಪನಿಯದು. ಆದರೆ ತಟ್ಟೆ ಮುಟ್ಟದಿರುವುದಕ್ಕೆ ಕಾರಣ ನನ್ನ ಮಂಡಿಯಲ್ಲ, ಇನ್ನೊಬ್ಬನ ಮಂಡಿ. ನೀವು ಹೇಗೂ ನನ್ನ ಜೊತೆ ಕೂತಿದ್ದೀರಿ, ಹೇಳಿಬಿಡುತ್ತೇನೆ.

ನಾನು ಇರುವುದು ಪ್ಲಾಸ್ಟಿಕ್ ಬಕೆಟ್ಟು, ನೀರಿನ ಟ್ಯಾಂಕು ಮಾಡುವ ಕಾರ್ಖಾನೆಯಲ್ಲಿ. ಆಳುಕಾಳಿನ ವ್ಯವಹಾರ ನನ್ನದು. ನಮ್ಮ ಮಾಲೀಕರಿಗೆ ಒಂದು ಕಾಲದಲ್ಲಿ ಫುಟ್‌ಬಾಲ್ ಹುಚ್ಚು ಹಿಡಿದು, ಸಂಬಳ ಕೊಟ್ಟು ಆಡಿಸುವ ಒಂದು ತಂಡವನ್ನೇ ಕೊಂಡರು. ಆಟಗಾರರ ಒಪ್ಪಂದ ಯಾರು ಕುದುರಿಸಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ನನಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಚೆಂಡು ಬಲೆಯೊಳಗೆ ಹೋದರೆ ಒಳ್ಳೆಯದು ಎಂಬಷ್ಟು ಗೊತ್ತಿತ್ತು. ಆದರೆ ಚೌಕಾಸಿಯಲ್ಲಿ ನನಗೆ ಹೆಸರಿತ್ತು. ಆ ವಿದ್ಯೆ ಕಲಿಸಿದವಳು ಮೈಸೂರಿನ ನನ್ನ ದೊಡ್ಡಮ್ಮ.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಗೆ ಬಂದಳೆಂದರೆ ದೊಡ್ಡಮ್ಮನಿಗೆ ಹಬ್ಬ. ಅವಳಿಗೆ ಬೇಕಿದ್ದುದು ಮುಚ್ಚಳವಿರುವ ಪುಟ್ಟ ಡಬರಿ. ಕೇಳುತ್ತಿದ್ದುದು ದೊಡ್ಡ ಕೊಳಗ. ಕೊಳಗಕ್ಕಾಗಿ ಅರ್ಧ ಗಂಟೆ ಜಗಳವಾಡಿ, ಕಣ್ಣಲ್ಲಿ ನೀರು ತಂದುಕೊಂಡು, ಕೊನೆಗೆ ದೊಡ್ಡ ಮನಸ್ಸು ಮಾಡಿದವಳಂತೆ, "ಹೋಗ್ಲಿ ಬಿಡೆ, ಕೊಳಗ ನೀನೇ ಇಟ್ಕೊ, ಆ ಚಿಕ್ಕದನ್ನಾದ್ರೂ ಕೊಟ್ಟು ಹೋಗು" ಎನ್ನುತ್ತಿದ್ದಳು. ಪಾತ್ರೆಯವಳು ಗೆದ್ದೆನೆಂದುಕೊಂಡು ಹೋಗುತ್ತಿದ್ದಳು. ಈ ಒಂದೇ ಪಾಠದಿಂದ ನಾನು ಇಪ್ಪತ್ತು ವರ್ಷ ಕಾರ್ಖಾನೆ ನಡೆಸಿದ್ದೇನೆ ಎಂದರೆ ನೀವು ನಗಬಾರದು.

ದೊಡ್ಡಮ್ಮ ಇನ್ನೊಂದನ್ನೂ ಕಲಿಸಿದ್ದಳು. ಕೇರಿಯ ಅರ್ಧ ಮದುವೆ ಅವಳೇ ಕುದುರಿಸಿದ್ದು. ಗಂಡಿನ ಕಡೆಯವರು ಏನಾದರೂ ಬರೆದುಕೊಡಿ ಎಂದರೆ ಅವಳಿಗೆ ರೇಗುತ್ತಿತ್ತು. "ತಾಂಬೂಲ ಇಸ್ಕೊಂಡ ಮೇಲೆ ಕಾಗದ ಯಾಕ್ರೀ? ನಾವೇನು ಕೋರ್ಟಿನೋರಾ?" ಎನ್ನುತ್ತಿದ್ದಳು. ಅವಳು ತಟ್ಟೆ ಬದಲಾಯಿಸಿದ ಮೇಲೆ ಮುರಿದುಬಿದ್ದ ಸಂಬಂಧ ನನಗೆ ತಿಳಿದಂತೆ ಒಂದೂ ಇಲ್ಲ.

ತಂಡದಲ್ಲಿ ಇಬ್ಬರು ವಿಂಗರ್‌ಗಳಿದ್ದರು. ಮೈದಾನದ ಅಂಚು ಹಿಡಿದು ಓಡಿ, ಚೆಂಡನ್ನು ಗೋಲಿನ ಮುಂದಕ್ಕೆ ತಂದು ಹಾಕುವವರು. ಹೆಸರು ಗೋಲು ಹೊಡೆದವನಿಗೆ, ಉಸಿರು ಇವರದು. ಎಡ ಅಂಚಿನವನಿಗೆ ವೆಸ್ಟ್‌ಲ್ಯಾಂಡ್ಸಿನ ದುಬಾರಿ ಜಾಗದಲ್ಲಿ ಆಫೀಸಿದ್ದ, ಎರಡು ಫೋನಿನ ಏಜೆಂಟನಿದ್ದ. ಆ ಏಜೆಂಟ ನನ್ನ ಕೊಳಗದ ಆಟವನ್ನು ಐದು ನಿಮಿಷ ನೋಡಿ, "ಸರ್, ಹನ್ನೊಂದನೇ ಕಲಮು ಮುಟ್ಟಬೇಡಿ, ಮಿಕ್ಕಿದ್ದು ಮಾತಾಡೋಣ" ಎಂದ. ಹನ್ನೊಂದನೆಯ ಕಲಮೆಂದರೆ, ಆಡುವಾಗ ಪೆಟ್ಟಾದರೆ ಚಿಕಿತ್ಸೆ ತಂಡದ್ದು, ವಾಸಿಯಾಗುವವರೆಗೆ ಸಂಬಳವೂ ತಂಡದ್ದು ಎಂಬ ಎರಡು ಸಾಲು. ಮಾಲೀಕರು ನನಗೆ ಹೇಳಿಟ್ಟಿದ್ದುದೂ ಅದನ್ನೇ: "ಇಬ್ಬರಲ್ಲಿ ಒಬ್ಬನದಾದರೂ ಆ ಕಲಮು ಹೊಡೆದುಹಾಕಿ."

ಉಳಿದವನು ಬಲ ಅಂಚಿನ ಬರಾಸಾ. ಅವನ ಜೊತೆ ಏಜೆಂಟನಿರಲಿಲ್ಲ, ಅಮ್ಮ ಬಂದರು. ಈ ದೇಶದಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದೇ ಕರೆಯುವುದು. ಮಾಮಾ ಎಂದರೆ ಅಮ್ಮ; ಆಕೆ ಮಾಮಾ ಬರಾಸಾ. ಕವಾಂಗ್ವಾರೆ ಎಂಬ ಬಡವರ ಬಡಾವಣೆಯಲ್ಲಿ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವವರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವರು ಮಾತಾಡಿದ್ದೆಲ್ಲ ಸ್ವಾಹಿಲಿಯಲ್ಲಿ. ಈಗ ನನ್ನ ನೆನಪಿನಲ್ಲಿ ಮಾತ್ರ ಅದು ಮೈಸೂರು ಕನ್ನಡವಾಗಿಬಿಟ್ಟಿದೆ; ಸ್ವಾಮಿ ಎನ್ನುವ 'ಬ್ವಾನಾ'ದಂಥ ಒಂದೆರಡು ಪದ ಹಾಗೇ ಉಳಿದಿವೆ.

ನಾನು ಕೊಳಗ ಕೇಳಿದೆ. ಅಂದರೆ, ಬರಾಸಾನ ಮನೆ ಬಾಡಿಗೆ ತಂಡದಿಂದ ಕೊಡಲಾಗುವುದಿಲ್ಲ ಎಂದು ಪಟ್ಟುಹಿಡಿದೆ. ಆಕೆ ವಾದಿಸಿದರು. ನಾನು ನಿಟ್ಟುಸಿರಿಟ್ಟೆ, ಚಹಾ ತರಿಸಿದೆ, ಕಿಟಕಿಯ ಕಡೆ ನೋಡಿದೆ. ಕೊನೆಗೆ ದೊಡ್ಡ ಮನಸ್ಸು ಮಾಡಿ, "ಹೋಗ್ಲಿ, ಬಾಡಿಗೆ ತಗೊಳ್ಳಿ. ಈ ಹನ್ನೊಂದನೇದು ಮಾತ್ರ ಬಿಟ್ಟುಬಿಡೋಣ" ಎಂದೆ.

ಮಾಮಾ ಬರಾಸಾ ಚಹಾದ ಲೋಟ ಕೆಳಗಿಟ್ಟರು.

"ಬ್ವಾನಾ, ನಾನು ದಿನಾ ಗಿರಾಕಿಗಳ ಜೊತೆ ಚೌಕಾಸಿ ಮಾಡೋಳು. ಅವರ ಬಾಯಿ ನೋಡಲ್ಲ, ಕಣ್ಣು ನೋಡ್ತೀನಿ. ನಿಮ್ಮ ಕಣ್ಣು ಮೊದಲಿಂದ ಆ ಕಾಲಿನ ಸಾಲಿನ ಮೇಲೇ ಇತ್ತು."

ದೊಡ್ಡಮ್ಮನನ್ನು ಯಾವ ಪಾತ್ರೆಯವಳೂ ಹೀಗೆ ಹಿಡಿದುಹಾಕಿರಲಿಲ್ಲ.

"ಅವನು ಓಡುವಾಗ ಕಾಲು ನಿಮ್ಮದು" ಎಂದರು ಆಕೆ. "ಮುರಿದಾಗ ನನ್ನದಾ?"

"ಮಾಮಾ, ಸಾಕು, ಸಹಿ ಹಾಕೋಣ" ಎಂದು ಬರಾಸಾ ಕುರ್ಚಿಯ ಮೇಲೆ ಚಡಪಡಿಸಿದ. "ನನ್ನ ಕಾಲಿಗೇನಾಗುತ್ತೆ? ಇವತ್ತಿನವರೆಗೆ ಜ್ವರ ಕೂಡ ಬಂದಿಲ್ಲ." ಕೂತಲ್ಲೂ ಅವನ ಕಾಲು ಸುಮ್ಮನಿರುತ್ತಿರಲಿಲ್ಲ, ಮೇಜಿನಡಿ ತಾಳ ಹಾಕುತ್ತಿತ್ತು.

ಆಗ ನನಗೆ ಆ ಬುದ್ಧಿ ಹೊಳೆಯಿತು. ಹಿಂದಿನ ದಿನ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆ. ಪರಿಚಯದ ಡಾಕ್ಟರೊಬ್ಬರ ಹೆಂಡತಿ ಬರಲಾಗದೆ ಹೋಗಿ, ಅವರ ಪಾಲಿನ ತಾಂಬೂಲ ದಾರಿಯಲ್ಲಿ ಕೊಟ್ಟುಹೋಗಲು ನನ್ನ ಕೈಯಲ್ಲಿತ್ತು: ತೆಂಗಿನಕಾಯಿ, ವೀಳ್ಯದೆಲೆ, ಮೂರು ಅಡಿಕೆ, ಒಂದು ಹಸಿರು ರವಿಕೆ ಕಣ. ಅದನ್ನು ಆಫೀಸಿನ ಟ್ರೇ ಮೇಲೆ ಜೋಡಿಸಿ, ಎದ್ದು ನಿಂತು, ಎರಡೂ ಕೈಯಲ್ಲಿ ಮಾಮಾ ಬರಾಸಾಗೆ ಚಾಚಿದೆ.

"ಇದೇನು?"

"ನಮ್ಮ ಕಡೆ ಮಾತು ಕೊಡೋದು ಹೀಗೆ. ಇದನ್ನ ಕೊಟ್ಟ ಮೇಲೆ ಹಿಂದೆ ಹೋಗೋ ಹಾಗಿಲ್ಲ. ಅವನಿಗೆ ಪೆಟ್ಟಾದರೆ ನಾನಿದ್ದೀನಮ್ಮ. ನೋಡ್ಕೋತೀನಿ."

"ಕಾಗದಕ್ಕಿಂತ ಗಟ್ಟಿಯಾ?"

"ಕಾಗದಕ್ಕಿಂತ ಗಟ್ಟಿ."

ಆಕೆ ರವಿಕೆ ಕಣವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರು, ದರ್ಜಿಗಳು ನೋಡುವ ಹಾಗೆ. ನನ್ನ ಮುಖವನ್ನೂ ಹಾಗೆಯೇ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡು, "ಅಸಾಂಟೆ" ಎಂದು ಧನ್ಯವಾದ ಹೇಳಿದರು. ಬರಾಸಾ ಸಹಿ ಹಾಕಿದ. ಹನ್ನೊಂದನೆಯ ಕಲಮಿನ ಮೇಲೆ ನಾನು ಸ್ಕೇಲಿಟ್ಟು ಗೀಟೆಳೆದೆ.

ನೀವು ಕೇಳಬಹುದು, ಬೇಕೆಂದೇ ಮೋಸ ಮಾಡಿದೆಯಾ ಎಂದು. ಕೊಡುವ ಕ್ಷಣದಲ್ಲಿ ನಿಜವಾಗಿಯೇ ಕೊಟ್ಟಿದ್ದೆ. ಆದರೆ ಸಂಜೆ ಮಾಲೀಕರ ಮುಂದೆ ಇದೇ ಕತೆಯನ್ನು ರಸವತ್ತಾಗಿ ಹೇಳಿ, ಬೆನ್ನು ತಟ್ಟಿಸಿಕೊಂಡು, ಚೆನ್ನಾಗಿ ನಕ್ಕೆ. ಮನೆಗೆ ಹೋದಾಗ ಹೆಂಡತಿ, "ಡಾಕ್ಟರ ಮನೆಗೆ ತಾಂಬೂಲ ಕೊಟ್ರಾ?" ಎಂದಳು. "ಕೊಟ್ಟೆ" ಎಂದೆ.

ಮುಂದಿನ ಮಳೆಗಾಲದಲ್ಲಿ ಒಂದು ಆಟ. ಬರಾಸಾ ಬಲ ಅಂಚಿನಲ್ಲಿ ಚೆಂಡು ಹಿಡಿದು ಮೂಲೆಯ ಬಾವುಟದವರೆಗೆ ಓಡಿ, ಸರಕ್ಕನೆ ಒಳಕ್ಕೆ ತಿರುಗಿದ. ಪಾದ ಕೆಸರಿನಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಯಾರೂ ಅವನನ್ನು ಮುಟ್ಟಿರಲಿಲ್ಲ. ಹರಟೆಗೆ ಕೂತವನಂತೆ ಮೆಲ್ಲಗೆ ಹುಲ್ಲಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಬಲ ಮಂಡಿಯ ಒಳಗೆ ಲಿಗಮೆಂಟು ಹರಿದಿದೆ, ಬೇಗ ಆಪರೇಷನ್ ಆದರೆ ಮತ್ತೆ ಓಡಬಹುದು ಎಂದರು ವೈದ್ಯರು.

ನಾನು ಮಾಲೀಕರ ಬಳಿ ಹೋದೆ. ಹೋಗಲಿಲ್ಲ ಎನ್ನಬೇಡಿ.

"ಒಪ್ಪಂದದಲ್ಲಿ ಎಲ್ಲಿದೆ ತೋರಿಸಿ" ಎಂದರು.

"ಬಾಯಿಮಾತಲ್ಲಿ ಹೇಳಿದ್ದೆ..."

"ತೆಂಗಿನಕಾಯಿ ಕತೆಯಾ?" ಎಂದು ನಕ್ಕರು. ಆ ನಗುವನ್ನು ಅವರಿಗೆ ಕಲಿಸಿದವನು ನಾನೇ. ಮತ್ತೊಮ್ಮೆ ಕೇಳದೆ ಎದ್ದು ಬಂದೆ. ನನ್ನ ಸ್ವಂತ ಕೈಯಿಂದಲಾದರೂ ಕೊಡೋಣವೆಂದುಕೊಂಡೆ. ಈ ವಾರ ಬೇಡ, ಬರುವ ವಾರ ಎಂದುಕೊಂಡೆ. ಹಾಗೆ ಎಷ್ಟು ವಾರ ಅಂದುಕೊಂಡೆನೋ.

ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಮಾಮಾ ಬರಾಸಾ ಕಾರ್ಖಾನೆಯ ಗೇಟಿಗೆ ಬಂದರು. ಕಾವಲಿನ ಆಸ್ಕರಿ ಫೋನ್ ಮಾಡಿದಾಗ, "ಮೀಟಿಂಗಲ್ಲಿದ್ದಾರೆ ಅನ್ನು" ಎಂದೆ. ಆಕೆ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತರು. ಮೇಲಿನ ಕಿಟಕಿಯ ಪರದೆಯ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಕ್ಯಾಂಟೀನಿಗೆ ಹೋಗಬೇಕಾದರೆ ಆ ಬೆಂಚಿನ ಮುಂದೆಯೇ ಹಾಯಬೇಕು. ಅದಕ್ಕೇ ಡಬ್ಬಿಯ ಮೊಸರನ್ನವನ್ನು ಮೇಜಿನ ಮೇಲೆಯೇ ತಿಂದೆ. ಪೂರ್ತಿ ತಿಂದೆ, ಉಪ್ಪಿನಕಾಯಿಯನ್ನೂ ಬಿಡಲಿಲ್ಲ. ಮನುಷ್ಯ ಎಂಥ ಹೊತ್ತಿನಲ್ಲೂ ತಿನ್ನಬಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು. ನಾಲ್ಕರ ಹೊತ್ತಿಗೆ ಆಕೆ ಎದ್ದು, ಒಂದು ಚೀಲವನ್ನು ಆಸ್ಕರಿಯ ಕೈಗೆ ಕೊಟ್ಟು, ಮಟಾಟು ವ್ಯಾನುಗಳು ನಿಲ್ಲುವ ಕಡೆ ನಡೆದುಹೋದರು.

ಆಸ್ಕರಿ ಚೀಲವನ್ನು ಮೇಲೆ ತಂದ. "ಬಾಸ್, ಇದು ನಿಮ್ಮದೇ ಅಂತೆ."

ಒಣಗಿ ಒಳಗೆ ಗಡಗಡ ಸದ್ದು ಮಾಡುವ ತೆಂಗಿನಕಾಯಿ. ನ್ಯೂಸ್‌ಪೇಪರಿನಲ್ಲಿ ಮಡಿಸಿಟ್ಟ, ಕಂದಾಗಿ ಪುಡಿಯಾದ ಎಲೆ. ಇಸ್ತ್ರಿ ಹಾಕಿದ ಹಸಿರು ರವಿಕೆ ಕಣ. ಮೂರು ಅಡಿಕೆ. ನಮ್ಮಲ್ಲಿ ತಾಂಬೂಲ ಹಿಂದಕ್ಕೆ ಬಂತೆಂದರೆ ಏನರ್ಥ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಾಯಿ, ಎಲೆ, ಬಟ್ಟೆ ಏನಾದವೋ ನೆನಪಿಲ್ಲ. ಅಡಿಕೆ ಮಾತ್ರ ಆಫೀಸಿನ ಡ್ರಾಯರಿನಲ್ಲಿ ಉಳಿಯಿತು. ತಂಡವನ್ನು ಮಾಲೀಕರು ಮಾರಿದರು, ನಾನು ಎರಡು ಸಲ ಕೋಣೆ ಬದಲಾಯಿಸಿದೆ. ಅಡಿಕೆ ಕೆಡಲಿಲ್ಲ. ಮೊನ್ನೆ ಆಪರೇಷನ್ನಿಗೆಂದು ರಜೆ ಹಾಕಿ ಡ್ರಾಯರು ಖಾಲಿ ಮಾಡುವಾಗ ಅವನ್ನು ಜೇಬಿಗೆ ಹಾಕಿಕೊಂಡು ಬಂದೆ; ಇವತ್ತೂ ಅವು ಜೇಬಿನಲ್ಲೇ ಇದ್ದವು.

ಇವತ್ತಿನ ನಿಶ್ಚಿತಾರ್ಥದಲ್ಲಿ ಹುಡುಗಿಯ ತಂದೆ ತಟ್ಟೆ ಹಿಡಿದು ನನ್ನ ಬಳಿಯೇ ಬಂದರು. "ನೀವೇ ದೊಡ್ಡವರು ಸಾರ್, ನಿಮ್ಮ ಕೈಯಿಂದಾಗಲಿ." ಹಳೆಯ ಮಾತನ್ನೇ ಹೇಳಿದೆ: ಮಂಡಿ ನೋವು. ಎಲ್ಲರೂ "ಅಯ್ಯೋ ಪಾಪ" ಎಂದರು, ಕೂರಲು ಸೋಫಾ ಬಿಟ್ಟುಕೊಟ್ಟರು. ಆ "ಪಾಪ" ಯಾಕೋ ಇವತ್ತು ತಡೆದುಕೊಳ್ಳಲಾಗಲಿಲ್ಲ. ಯಾರಿಗೂ ಹೇಳದೆ ಕೆಳಗಿಳಿದು, ಟ್ಯಾಕ್ಸಿ ಹಿಡಿದು ಕವಾಂಗ್ವಾರೆಗೆ ಹೋದೆ.

ಯೂನಿಫಾರಂ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲೇ ಹೊಲಿಗೆ ಯಂತ್ರ. ಅದರ ಮುಂದೆ ಬರಾಸಾ. ಮೈ ದಪ್ಪಗಾಗಿದೆ. ಬಲಗಾಲು ಮಡಿಸಲಾಗದೆ ಎದುರಿನ ಸ್ಟೂಲಿನ ಮೇಲೆ ನೀಡಿಟ್ಟಿದ್ದಾನೆ. ಎಡಗಾಲೊಂದರಲ್ಲೇ ಯಂತ್ರದ ಪೆಡಲು ತುಳಿಯುತ್ತಿದ್ದಾನೆ. ಆ ಕಾಲು ಇನ್ನೂ ವೇಗವಾಗಿಯೇ ಇದೆ.

ನಾನು ಕುಂಟುತ್ತಾ ಮೆಟ್ಟಿಲು ಹತ್ತುವುದನ್ನು ನೋಡಿ ಪೆಡಲು ನಿಲ್ಲಿಸಿದ. ಗುರುತು ಹಿಡಿದ. "ಮ್ಜೇ! ನಿಮ್ಮ ಕಾಲಿಗೇನಾಯ್ತು? ಪೋಲೆ ಸಾನಾ." ಮ್ಜೇ ಎಂದರೆ ಹಿರಿಯರು; ಪೋಲೆ ಎಂದರೆ ಇಲ್ಲಿನವರು ಇನ್ನೊಬ್ಬರ ನೋವಿಗೆ ಹೇಳುವ ಮಾತು. ತನ್ನ ಕಾಲಡಿಯ ಸ್ಟೂಲನ್ನೇ ಎಳೆದು ನನಗೆ ಕೊಡಲು ಹೋದ. ಬೇಡವೆಂದೆ.

"ಮಂಡಿ. ಮಂಗಳವಾರ ಆಪರೇಷನ್ನು."

"ದುಬಾರಿ ಅದು. ಯಾರು ನೋಡ್ಕೋತಾರೆ?"

"ಕಂಪನಿ."

"ಬರೆದಿದೆಯಾ?"

"ಬರೆದಿದೆ."

"ಒಳ್ಳೇದಾಯ್ತು" ಎಂದ. ಕುಹಕವಿರಲಿಲ್ಲ. ನಿಜವಾಗಿಯೂ ಒಳ್ಳೆಯದಾಯಿತೆಂದೇ ಹೇಳಿದ. ಕುಹಕವಿದ್ದಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ.

ಒಳಗಿನಿಂದ ಮಾಮಾ ಬರಾಸಾ ಬಂದರು. ಕೊರಳಲ್ಲಿ ಅದೇ ಟೇಪು. ಮೂರು ಅಡಿಕೆಯನ್ನು ಯಂತ್ರದ ಹಲಗೆಯ ಮೇಲಿಟ್ಟೆ. ಆಕೆ ಅಡಿಕೆ ನೋಡಿದರು, ನನ್ನ ಮುಖ ನೋಡಿದರು, ಕಣ್ಣನ್ನೇ ನೋಡಿದರು. ಆಮೇಲೆ ಮೂರನ್ನೂ ಒಂದೊಂದಾಗಿ ಎತ್ತಿ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದರು.

"ಇದನ್ನ ಒಂದು ಸಲ ವಾಪಸ್ ಕೊಟ್ಟಿದ್ದೀನಿ, ಬ್ವಾನಾ."

ಅಷ್ಟೇ. ಹಿಂದೆ ಪೆಡಲಿನ ಸದ್ದು ಮತ್ತೆ ಶುರುವಾಯಿತು.

ಮನೆಗೆ ಬಂದಾಗ ಹೆಂಡತಿ ಆಗಲೇ ಬಂದು ಸೀರೆ ಮಡಿಸುತ್ತಿದ್ದಳು. "ಎಲ್ಲಿಗೆ ಹೋಗಿದ್ರಿ? ಫೋಟೋಗೆ ಎಲ್ಲರೂ ಹುಡುಕಿದ್ರು. ಮಂಡಿ ನೋವು ಜಾಸ್ತಿಯಾಗಿ ಹೊರಟಿರ್ಬೇಕು ಅಂದೆ."

"ಮಂಡಿ ನೋವಲ್ಲ ಕಣೇ" ಎಂದು ಅವಳೆದುರು ಕೂತೆ. "ಫುಟ್‌ಬಾಲ್ ತಂಡ ಇದ್ದಾಗ, ಆ ವರ್ಷ ಡಾಕ್ಟರ ಮನೆಗೆ ಅಂತ ಕೊಟ್ಟಿದ್ಯಲ್ಲ ತಾಂಬೂಲ, ಅದನ್ನ ನಾನು ಅವರಿಗೆ ಕೊಡಲಿಲ್ಲ." ಮಡಿಸುತ್ತಿದ್ದ ಸೀರೆ ಅವಳ ಕೈಯಲ್ಲೇ ನಿಂತಿತು. ನಾನು ಮುಷ್ಟಿ ಬಿಚ್ಚಿದೆ.