ನಡುವಿನಿಂದ ಎಣಿಸಿದವಳು

ಶಶಿಪ್ರಭಾಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಗುರುವಾಯನಕೆರೆಯಲ್ಲಿ ಹೇಳುತ್ತಾರೆ. ಹೇಳುವವರಿಗೇನು, ಹೇಳಲಿ. ಬೆಳಿಗ್ಗೆ ಏಳೂಕಾಲರ ಮೂಡುಬಿದಿರೆ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುವವರೂ ಅದೇ ಜನ. "ಎಂತ ಕೆಲಸ ನಿಮ್ಮದು?" ಎಂದು ಯಾರಾದರೂ ಹೊಸಬರು ಕೇಳಿದರೆ, "ಮೆದುಳಿಗೆ ಊಟ ಹಾಕುವುದು" ಅನ್ನುತ್ತಾಳೆ. ಕೇಳಿದವರು ವೇಣೂರು ದಾಟುವವರೆಗೆ ಬಾಯಿ ಬಿಡುವುದಿಲ್ಲ.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೂಡುಬಿದಿರೆಯ ಹೊರಗೆ ಒಂದು ಖಾಸಗಿ ಸಂಶೋಧನಾಲಯ ಉಂಟು. ಫಿಟ್ಸ್ ನಿಲ್ಲಿಸಲೆಂದು ಆಪರೇಶನ್ ಮಾಡುವಾಗ ರೋಗಿಯ ಮೆದುಳಿನಿಂದ ಅಲಸಂಡೆ ಬೀಜದಷ್ಟು ತುಂಡು ತೆಗೆಯುತ್ತಾರೆ. ರೋಗಿ ಒಪ್ಪಿ ಬರೆದುಕೊಟ್ಟರೆ ಅದು ಬಿಸಾಡುವ ಬದಲು ಐಸ್ ಪೆಟ್ಟಿಗೆಯಲ್ಲಿ ಇಲ್ಲಿಗೆ ಬರುತ್ತದೆ. ಬೆಳೆದು ಮುಗಿದ ಮನುಷ್ಯನ ಮೆದುಳಿನಲ್ಲೂ, ತಾನು ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಕೆಲವು ಕೋಶಗಳು ಇರುತ್ತವೆ. ಅವೇ ಆಕರಕೋಶಗಳು, ಪೇಪರಿನವರು ಬರೆಯುವ ಸ್ಟೆಮ್ ಸೆಲ್. ಶಶಿಪ್ರಭಾ ಅವನ್ನು ಬೇರ್ಪಡಿಸಿ, ಗಾಜಿನ ತಟ್ಟೆಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ನಸುಗೆಂಪು ದ್ರವದ ಊಟ ಹಾಕಿ ಸಾಕುತ್ತಾಳೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಡಿಗ್ರಿ ಬರೀ ಬಿ.ಎಸ್ಸಿ. ಕೈ ಮಾತ್ರ ಅಲ್ಲಿಯ ಯಾವ ಡಾಕ್ಟರಿಗೂ ಇಲ್ಲದ ಕೈ.

ಸಾಕಿದರೆ ಸಾಲದು, ಅದು ಹೌದೋ ಅಲ್ಲವೋ ಎಂದು ಹೇಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೋಶ ತನ್ನಂಥದ್ದನ್ನೇ ಮತ್ತೆ ಮತ್ತೆ ಹುಟ್ಟಿಸಬೇಕು. ಬಿಟ್ಟರೆ ನರಕೋಶವೂ ಆಗಬೇಕು, ನರಕ್ಕೆ ಆಸರೆ ಕೊಡುವ ನಕ್ಷತ್ರದಾಕಾರದ ಕೋಶವೂ ಆಗಬೇಕು, ನರಕ್ಕೆ ಹೊದಿಕೆ ಸುತ್ತುವ ಕೋಶವೂ ಆಗಬೇಕು. ಬೆಳವಣಿಗೆಯ ಮದ್ದು ನಿಲ್ಲಿಸಿದ ಕೂಡಲೇ ಹೆಚ್ಚುವುದನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಅದು ಮನುಷ್ಯನ ಮೈಯೊಳಗೆ ಗಡ್ಡೆಯಾದೀತು.

ಇಷ್ಟೆಲ್ಲ ಯಾಕೆ ಹೇಳಬೇಕೆಂದರೆ ಅವಳ ಅಣ್ಣ ಜಿತೇಶನಿಗಾಗಿ. ಐದು ವರ್ಷದ ಹಿಂದೆ ನಾರಾವಿಯಲ್ಲಿ ನಡೆದ ಕಬಡ್ಡಿ ಪಂದ್ಯದಲ್ಲಿ ನಾಲ್ಕು ಜನ ಮೇಲೆ ಬಿದ್ದು ಅವನ ಬೆನ್ನುಮೂಳೆ ಮುರಿಯಿತು. ಎದೆಯಿಂದ ಮೇಲೆ ಮೊದಲಿನ ಹುಲಿಯೇ. ಎದೆಯಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಸಂಶೋಧನಾಲಯದ ಮುಖ್ಯಸ್ಥ ಡಾಕ್ಟರ್ ದೇವಿಪ್ರಸಾದ್ ಇಲ್ಲಿ ಬೆಳೆಸಿದ ಕೋಶಗಳನ್ನು ಮೊದಲ ಬಾರಿಗೆ ಐದು ಜನರ ಬೆನ್ನುಹುರಿಗೆ ಚುಚ್ಚಲು ತಯಾರಿ ಮಾಡಿದ್ದರು. ಅವರ ಪಟ್ಟಿಯಲ್ಲಿ ಮೂರನೆಯ ಹೆಸರು ಜಿತೇಶನದು. ಪರಿಶೀಲನಾ ಸಮಿತಿ ಒಪ್ಪಬೇಕಾದರೆ ಕೋಶಗಳ ಗುರುತಿನ ವರದಿ ಬೇಕು. ಆ ವರದಿಯ ಕೆಳಗೆ ಎಣಿಸಿದವಳ ಸಹಿ ಬೇಕು. ಎಣಿಸುವವಳು ಶಶಿಪ್ರಭಾ.

ವರದಿಗೆ ಸೂಕ್ಷ್ಮದರ್ಶಕದಲ್ಲಿ ಪಟ ತೆಗೆಯುವ ದಿನ ಅವಳು ಎಂದಿನಂತೆ ತಟ್ಟೆಯ ಅಂಚಿನಿಂದ ಶುರು ಮಾಡಿದಳು. ಅಂಚಿನಲ್ಲಿ ಕೋಶಗಳು ಚೆನ್ನಾಗಿ ಅಂಟಿಕೊಳ್ಳುತ್ತವೆ, ಯಾವ ಕೋಶ ಯಾವುದೆಂದು ತೋರಿಸಲು ಹಾಕುವ ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ. ಸಂಶೋಧನಾಲಯದ ಬಾಗಿಲಲ್ಲೇ ತೂಗುಹಾಕಿದ, ಬಂದವರೆಲ್ಲ ಬಾಯಿಬಿಟ್ಟು ನೋಡುವ ಕೆಂಪು ಹಸಿರಿನ ದೊಡ್ಡ ಪಟ ಅವಳು ಅಂಥದೇ ಒಂದು ಅಂಚಿನಿಂದ ತೆಗೆದದ್ದು. ಮೂರು ಒಳ್ಳೆಯ ಜಾಗ ಸಿಕ್ಕಿದವು. ಆಗ ಅವಳಿಗೆ ಬೀಡಿ ನೆನಪಾಯಿತು.

ಅವಳ ಅಮ್ಮ ವಾರಿಜಕ್ಕ ಬೀಡಿ ಕಟ್ಟಿಯೇ ಇಬ್ಬರು ಮಕ್ಕಳನ್ನು ಓದಿಸಿದವಳು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಅವಸರದಲ್ಲಿ ಸುತ್ತಿದ ಸೊಟ್ಟ ಬೀಡಿಗಳನ್ನು ನಡುವಿಗಿಟ್ಟು, ನೆಟ್ಟಗಿನವನ್ನು ಸುತ್ತ ಜೋಡಿಸಿ ನೂಲು ಬಿಗಿಯುವುದು ಆ ಕೇರಿಯ ಎಲ್ಲ ಹೆಂಗಸರಿಗೂ ಗೊತ್ತಿದ್ದ ವಿದ್ಯೆ. ಹತ್ತು ವರ್ಷದ ಶಶಿಯೂ ಕಲಿತಿದ್ದಳು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕಿಂಗ್ ಮಾಡುತ್ತಿದ್ದ ರುಕ್ಮಯ್ಯ ಒಂದು ದಿನ ಅವಳು ಜೋಡಿಸಿದ ಕಟ್ಟಿನ ನಡುವಿಗೇ ಹೆಬ್ಬೆರಳು ತುರುಕಿ, ಬಿಚ್ಚಿ, ಆ ವಾರದ ಅಷ್ಟೂ ಬೀಡಿಯನ್ನು ವಾಪಸು ಮಾಡಿದ. ಮನೆಗೆ ಬರುವ ದಾರಿಯುದ್ದಕ್ಕೂ ಶಶಿ ಅವನನ್ನು ಬೈದಳು. ಅಮ್ಮ ಬೈಯಲಿಲ್ಲ. "ಅವನ ಬೆರಳನ್ನು ಬೈದು ಎಂತ ಮಾಡುವುದು? ಒಳಗೆ ಇಟ್ಟದ್ದು ನಾವಲ್ವಾ?" ಅಂದಳು. ಅಂದಿನಿಂದ ಅಮ್ಮ ಬ್ರಾಂಚಿಗೆ ಹೋಗುವ ಮೊದಲು ತಾನೇ ಪ್ರತಿ ಕಟ್ಟಿನ ನಡುವನ್ನು ಬಿಚ್ಚಿ ನೋಡುತ್ತಿದ್ದಳು.

ಶಶಿಪ್ರಭಾ ತೆಗೆದ ಪಟಗಳನ್ನೆಲ್ಲ ಅಳಿಸಿದಳು. ಒಂದೊಂದೇ ತಟ್ಟೆಯ ನಡುವಿನಿಂದ ಶುರು ಮಾಡಿ ಸಾಲು ಹಿಡಿದು, ಒಂದನ್ನೂ ಬಿಡದೆ, ನಾಲ್ಕು ದಿನ ಎಣಿಸಿದಳು. ಎರಡು ಸಾವಿರ ಕೋಶಗಳಲ್ಲಿ ನರಕೋಶವಾದವು ಹನ್ನೊಂದು. ಉಳಿದವು ಹೆಚ್ಚುಕಡಿಮೆ ಎಲ್ಲವೂ ನಕ್ಷತ್ರಗಳೇ. ಐದು ಜನರಿಗೆ ಸಾಕಾಗುವಷ್ಟು ಬೆಳೆಸುವ ಅವಸರದಲ್ಲಿ ಹದಿನಾಲ್ಕು ಸಲ ತಟ್ಟೆಯಿಂದ ತಟ್ಟೆಗೆ ದಾಟಿಸಿದ್ದ ಕೋಶಗಳು ತಮ್ಮ ಗುಣವನ್ನೇ ಕಳೆದುಕೊಂಡಿದ್ದವು. ಮದ್ದು ನಿಲ್ಲಿಸಿ ಬೇರೆ ಇಟ್ಟಿದ್ದ ತಟ್ಟೆಯನ್ನೂ ನೋಡಿದಳು. ಹತ್ತು ದಿನ ಕಳೆದರೂ ಅವು ಹೆಚ್ಚುತ್ತಲೇ ಇದ್ದವು.

ದೇವಿಪ್ರಸಾದ್ ಲೆಕ್ಕ ನೋಡಿ ಕನ್ನಡಕ ತೆಗೆದರು. ಕೆಟ್ಟ ಮನುಷ್ಯನಲ್ಲ ಅವರು. ಹದಿನೈದು ವರ್ಷ ಈ ದಿನಕ್ಕಾಗಿಯೇ ಕಾದವರು.

"ಒಂದೇ ತಟ್ಟೆ ಹಾಗಾಗಿರಬಹುದು, ಶಶಿಪ್ರಭಾ. ಒಳ್ಳೆಯ ಜಾಗ ನೋಡಿ ನಾಲ್ಕು ಪಟ ಹಾಕುವ."

"ಆರು ತಟ್ಟೆ ಎಣಿಸಿದ್ದೇನೆ, ಸರ್. ಆರೂ ಹಾಗೇ ಉಂಟು."

"ನಿಮ್ಮ ಅಣ್ಣನ ಹೆಸರು ಮೂರನೆಯದು. ಅದು ನೆನಪುಂಟಲ್ವಾ?"

"ಉಂಟು. ಅದಕ್ಕೇ ಎಣಿಸಿದ್ದು."

"ನೀವು ಸಹಿ ಹಾಕದಿದ್ದರೆ ಬೇರೆಯವರು ಹಾಕ್ತಾರೆ."

"ಹಾಕಲಿ. ನನ್ನ ಲೆಕ್ಕವನ್ನು ನಾನು ಸಮಿತಿಯ ಎದುರು ಇಡ್ತೇನೆ." ಕಡ್ಡಿ ಮುರಿದಂತೆ ಹೇಳಿ ಅವಳು ಹೊರಗೆ ಬಂದಳು.

ಸಂಜೆ ಮನೆಯಲ್ಲಿ ಜಿತೇಶನಿಗೆ ವಿಷಯ ಹೇಳಿದಳು.

"ಸಹಿ ಹಾಕು" ಅಂದ. "ಆದದ್ದಾಗಲಿ. ನನಗೆ ಹೋಗಲಿಕ್ಕೆ ಇನ್ನೆಂತ ಉಂಟು ಮಾರಾಯ್ತಿ?"

"ಕೈ ಉಂಟಲ್ಲ ಅಣ್ಣ. ಗಡ್ಡೆ ಮೇಲಕ್ಕೆ ಬೆಳೆದರೆ ಅದೂ ಹೋಗ್ತದೆ. ಉಸಿರೂ ಹೋಗ್ತದೆ."

"ಹೋಗಲಿ. ಬೆನ್ನು ನನ್ನದು."

"ಬೆನ್ನು ನಿನ್ನದು. ಸಹಿ ನನ್ನದು. ಹಾಕುವುದಿಲ್ಲ."

ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. ಅಂದಿನಿಂದ ತಂಗಿಯೊಡನೆ ಮಾತು ಬಿಟ್ಟ. ಅವಳು ತಿರುಗಿಸಿ ಮಲಗಿಸುವಾಗ, ಸ್ನಾನ ಮಾಡಿಸುವಾಗಲೂ ಒಂದಕ್ಷರ ಇಲ್ಲ. ಅವಳಿಗೆ ಅಳು ಬರುತ್ತಿತ್ತು, ಅತ್ತಳು ಕೂಡ. ಆದರೆ ಸಹಿ ಹಾಕಲಿಲ್ಲ.

ಸಮಿತಿ ಕೂತ ದಿನ ಅವಳನ್ನು ಯಾರೂ ಕರೆದಿರಲಿಲ್ಲ. ಅವಳೇ ಆರು ತಟ್ಟೆಗಳನ್ನೂ ಮದ್ದು ನಿಲ್ಲಿಸಿದ ತಟ್ಟೆಯನ್ನೂ ಟ್ರೇಯಲ್ಲಿಟ್ಟುಕೊಂಡು ಒಳಗೆ ಹೋದಳು. ಅಲ್ಲಿದ್ದ ಒಬ್ಬರು, "ಟೆಕ್ನಿಶಿಯನ್‌ಗೆ ಇಲ್ಲೇನು ಕೆಲಸ?" ಅಂದರು.

"ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಲಿಕ್ಕೆ ನೀವು ಬಂದದ್ದಲ್ಲ ಅಲ್ವಾ, ಸರ್? ಒಮ್ಮೆ ನೋಡಿ. ಅಂಚು ಬೇಡ, ನಡು ನೋಡಿ."

ಯಾರೂ ಏಳಲಿಲ್ಲ. ಕೊನೆಗೆ ಬಂಟ್ವಾಳದಿಂದ ಬಂದಿದ್ದ ನರರೋಗದ ಡಾಕ್ಟರ್ ಸಜ್ನಾ ಕುರ್ಚಿ ಹಿಂದೆ ಸರಿಸಿ ಎದ್ದರು. ಪಕ್ಕದ ಕೋಣೆಯ ಸೂಕ್ಷ್ಮದರ್ಶಕದ ಮುಂದೆ ಕೂತು ಆರು ತಟ್ಟೆಯನ್ನೂ ನೋಡಿದರು. ಮದ್ದು ನಿಲ್ಲಿಸಿದ ತಟ್ಟೆಯನ್ನು ಎರಡು ಸಲ ನೋಡಿದರು.

"ಇದನ್ನು ನಾನು ಯಾರ ಬೆನ್ನಿಗೂ ಹಾಕ್ಲಿಕ್ಕೆ ಬಿಡುವುದಿಲ್ಲ" ಅಂದರು.

ಚುಚ್ಚುವ ಯೋಜನೆ ನಿಂತಿತು. ಶಶಿಪ್ರಭಾಳನ್ನು ಗಾಜಿನ ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ಹನ್ನೊಂದು ವರ್ಷದ ಕೈಗೆ ಸೋಪಿನ ನೀರು. ರಾಜೀನಾಮೆ ಕೊಡುತ್ತಾಳೆ ಎಂದು ಕಾದವರಿದ್ದರು. ಅವಳು ಕೊಡಲಿಲ್ಲ. ದಿನಾ ಏಳೂಕಾಲರ ಬಸ್ಸು ಹಿಡಿದು ಬಂದು, ಆ ಸಂಶೋಧನಾಲಯ ಕಂಡಿರದಷ್ಟು ಚೊಕ್ಕವಾಗಿ ಪಾತ್ರೆ ತೊಳೆದಳು.

ಇಪ್ಪತ್ತೆರಡನೆಯ ದಿನ ದೇವಿಪ್ರಸಾದ್ ಆ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಐಸ್ ಪೆಟ್ಟಿಗೆ.

"ಹೊಸ ತುಂಡು ಬಂದಿದೆ. ಹೋದ ವಾರದ್ದನ್ನು ಬೇರೆಯವರು ಮಾಡಿ ಎಲ್ಲ ಸತ್ತಿತು." ಆಮೇಲೆ, "ನಿಮ್ಮ ಆ ಆರು ತಟ್ಟೆಗಳನ್ನು ನಾನೂ ಎಣಿಸಿದೆ. ನಡುವಿನಿಂದ. ನೀವು ಹೇಳಿದ್ದು ಸರಿ ಉಂಟು" ಅಂದರು.

ಶಶಿಪ್ರಭಾ ಕೈ ಒರೆಸಿಕೊಂಡಳು. "ಬಾಗಿಲಲ್ಲಿರುವ ಆ ಪಟ ಮೊದಲು ತೆಗೆಯುವ, ಸರ್. ಅದು ನಾನು ಮಾಡಿದ ತಪ್ಪು. ಆಮೇಲೆ ಪೆಟ್ಟಿಗೆ ಕೊಡಿ."

ದೇವಿಪ್ರಸಾದ್ ಸ್ಟೂಲು ಹಿಡಿದರು, ಅವಳು ಹತ್ತಿ ಪಟ ಇಳಿಸಿದಳು.

ಅಂದು ಮನೆಗೆ ಬಂದಾಗ, ಆ ಜಗಳದ ನಂತರ ತಾನಾಗಿ ಲೋಟವನ್ನೂ ಹಿಡಿಯದ ಮಗನಿಗೆ ವಾರಿಜಕ್ಕ ಚಾ ಕುಡಿಸುತ್ತಿದ್ದಳು. ಶಶಿಪ್ರಭಾ ಯಾರಿಗೂ ಅಲ್ಲವೆಂಬಂತೆ, "ಹೊಸದು ಶುರು ಮಾಡಿದೆ ಅಮ್ಮ. ಇನ್ನು ಎರಡು ವರ್ಷವೋ ಮೂರೋ, ಗೊತ್ತಿಲ್ಲ. ಆಗದೆಯೂ ಇರಬಹುದು" ಅಂದಳು.

ಜಿತೇಶ ಅಮ್ಮನ ಕೈಯಿಂದ ಲೋಟ ತೆಗೆದುಕೊಂಡ. ತಾನೇ ಎತ್ತಿ ಕುಡಿದ. ಖಾಲಿ ಲೋಟವನ್ನು ತಂಗಿಯ ಕಡೆಗೆ ಚಾಚಿದ.

"ಎಣಿಸುವುದು ಯಾರು?" ಎಂದು ಕೇಳಿದ. ಇಪ್ಪತ್ತಾರು ದಿನದ ಮೇಲೆ ಅವಳೊಡನೆ ಆಡಿದ ಮೊದಲ ಮಾತು.

"ನಾನೇ."

"ಬೇರೆಯವರಿಗೆ ಬಿಡಬೇಡ" ಅಂದ ಜಿತೇಶ.