ನೀಲಗಾರ ಗಲ್ಲಿಯಲ್ಲಿ ಜನರಿದ್ದಾರೆ

ಲೀಲಾಬಾಯಿ ಹುಟ್ಟಿದ್ದು ಔರಾದ ತಾಲ್ಲೂಕಿನ ಡಾಬಕಾದಲ್ಲಿ. ಕಲಿತದ್ದು ನಾಲ್ಕನೆಯ ತರಗತಿಯವರೆಗೆ, ಅದೂ ಮರಾಠಿಯಲ್ಲಿ. ಮದುವೆಯಾಗಿ ಬೀದರಿನ ನೀಲಗಾರ ಗಲ್ಲಿಗೆ ಬಂದ ಮೇಲೆ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮಕ್ಕಳ ಹಿಂದೆ ಗೋಡೆಗೊರಗಿ ಅಕ್ಕಿ ಆರಿಸುತ್ತ, ಟೀಚರು ಹೇಳಿಕೊಡುವ ಅ ಆ ಇ ಈ ತಾವೂ ಗುನುಗುತ್ತ, ಮೂವತ್ತನಾಲ್ಕನೆಯ ವಯಸ್ಸಿಗೆ ಕನ್ನಡ ಓದಲು ಕಲಿತರು. ಆಮೇಲೆ ಅದು ಚಟವೇ ಆಯಿತು. ಬಸ್ಸಿನ ಬೋರ್ಡು, ಔಷಧದ ಚೀಟಿ, ಕಚೇರಿಯ ಗೋಡೆಗೆ ಅಂಟಿಸಿದ ಕಾಗದ, ಯಾವುದನ್ನೂ ಓದದೆ ಮುಂದೆ ಹೋಗುತ್ತಿರಲಿಲ್ಲ.

ಅವರು ನಿವೃತ್ತರಾದ ವರ್ಷ ಪಕ್ಕದ ಮನೆಯ ಗುರಮ್ಮ ಕಣ್ಣಿನ ತಪಾಸಣೆ ಶಿಬಿರಕ್ಕೆ ಹೋಗಿ ಹಾಗೆಯೇ ವಾಪಸು ಬಂದರು. ಶಿಬಿರ ಹಿಂದಿನ ದಿನವೇ ಮುಗಿದಿತ್ತು.

"ನನಗ ಯಾರು ಹೇಳ್ಯಾರ್ರಿ ಬಾಯಿ? ಕಚೇರಿ ಗ್ವಾಡಿಗಿ ಕಾಗದ ಹಚ್ಚಿದ್ರ ನಾ ಹ್ಯಾಂಗ ಓದ್ಲಿ?"

ಆ ವಾರವೇ ಲೀಲಾಬಾಯಿ ಅಂಗನವಾಡಿಯವರು ಮೂಲೆಗೆ ಹಾಕಿದ್ದ ಕಪ್ಪು ಹಲಗೆಯನ್ನು ಕೇಳಿ ತಂದು ತಮ್ಮ ಬಾಗಿಲ ಪಕ್ಕ ತೂಗುಹಾಕಿದರು. ಮಂಗಳವಾರ, ಶುಕ್ರವಾರ ನಗರಸಭೆಯ ಕಚೇರಿಗೆ ನಡೆದುಹೋಗಿ ಹೊಸ ಸೂಚನೆಗಳನ್ನು ಓದಿಕೊಂಡು ಬರುವುದು, ಎಡಕ್ಕೆ ಕನ್ನಡದಲ್ಲಿ, ಬಲಕ್ಕೆ ಮರಾಠಿಯಲ್ಲಿ ಬರೆಯುವುದು. ಎದುರು ಮನೆಯ ಹಳೆಯ ಟೇಲರ್ ಅಬ್ದುಲ ಅಜೀಜ ಒಂದು ದಿನ ಸುಮ್ಮನೆ ಬಂದು ಸೀಮೆಸುಣ್ಣ ಕೇಳಿ, ಕೆಳಗೆ ಉರ್ದುವಿನಲ್ಲಿ ಬರೆದರು. ಅಂದಿನಿಂದ ಆ ಸಾಲು ಅವರದೇ. ನಲ್ಲಿಗೆ ನೀರು ಬಿಡುವ ಹೊತ್ತು, ಮಕ್ಕಳ ಲಸಿಕೆ, ಪಿಂಚಣಿ ಅರ್ಜಿಯ ದಿನ... ಹಾಲು ತರಲು ಹೋದವರು ಹಲಗೆ ಓದಿಯೇ ಮನೆಗೆ ಹೋಗತೊಡಗಿದರು.

ಎರಡು ವರ್ಷದ ಹಿಂದೆ, ಫೆಬ್ರುವರಿಯ ಒಂದು ಮಂಗಳವಾರ, ಕಚೇರಿಯ ಗೋಡೆಯ ಮೇಲೆ ಹೊಸ ಪಟ್ಟಿಯಿತ್ತು. ಕುಡಿಯುವ ನೀರಿನ ಹೊಸ ಪೈಪು ಯಾವ ಯಾವ ಗಲ್ಲಿಗೆ ಎಂಬ ಕರಡು. ಲೀಲಾಬಾಯಿ ಬೆರಳಿಟ್ಟು ಹುಡುಕಿದರು. ನೀಲಗಾರ ಗಲ್ಲಿಯ ಮುಂದೆ ಹೀಗಿತ್ತು: 'ಗೋದಾಮು ಪ್ರದೇಶ. ವಾಸದ ಮನೆಗಳಿಲ್ಲ.'

ಗಲ್ಲಿಯ ಹಳೆಯ ಪೈಪು ತುಕ್ಕು ಹಿಡಿದು ಮೂರು ದಿನಕ್ಕೊಮ್ಮೆ ಕೆಂಪು ನೀರು ಉಗುಳುತ್ತಿತ್ತು. ಈ ಸಲ ತಪ್ಪಿದರೆ ಇನ್ನು ಎಷ್ಟು ವರ್ಷವೋ. ಅವರು ಕಿಟಕಿಯ ಗುಮಾಸ್ತನನ್ನು ಕೇಳಿದರು.

"ಪಟ್ಟಿಯೊಳಗ ಹಂಗ ಅದ ಅಂದ್ರ ಹಂಗ ಅದ್ರಿ," ಎಂದ ಆತ ತಲೆ ಎತ್ತದೆ.

"ತಕರಾರು ಕೊಡಲಿಕ್ಕಿ ಶುಕ್ರವಾರ ಕೊನಿ ದಿನಾ ಅಂತ ನೀವ ಬರ್ದೀರಿ. ಇವತ್ತ ಮಂಗಳವಾರ. ಫಾರಮು ಕೊಡ್ರಿ."

ಆತ ಒಂದು ಕೊಟ್ಟ. ದಾರಿಯಲ್ಲೇ ಅದರ ಝೆರಾಕ್ಸ್ ಮಾಡಿಸಿಕೊಂಡು ಬಂದ ಲೀಲಾಬಾಯಿ ಹಲಗೆಯನ್ನು ಪೂರ್ತಿ ಒರೆಸಿ ದೊಡ್ಡ ಅಕ್ಷರದಲ್ಲಿ ಬರೆದರು: 'ನಮ್ಮ ಗಲ್ಲಿಯಲ್ಲಿ ಯಾರೂ ಇಲ್ಲವಂತೆ. ಇರುವವರು ಬಂದು ಸಹಿ ಹಾಕಿ.'

ಸಂಜೆಗೆ ಅವರ ಮನೆಯ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೆಲವರಿಗೆ ನಗು, ಕೆಲವರಿಗೆ ಸಿಟ್ಟು. "ನಾ ಗೋದಾಮಿನೊಳಗಿನ ಚೀಲ ಏನ್ರಿ?" ಎನ್ನುತ್ತ ಗುರಮ್ಮ ಮೊದಲ ಹೆಬ್ಬೆಟ್ಟು ಒತ್ತಿದರು. ಆದರೆ ಇಷ್ಟು ದೊಡ್ಡ ಗಲ್ಲಿ ಪಟ್ಟಿಯಿಂದ ಹೇಗೆ ಮಾಯವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಬುಧವಾರ ಬೆಳಿಗ್ಗೆ ಅಬ್ದುಲ ಅಜೀಜ ತಮ್ಮ ಅಜ್ಜನ ಕಾಲದ ಉರ್ದು ಮನೆಪತ್ರ ಹಿಡಿದು ಬಂದರು.

"ನೋಡ್ರಿ ಲೀಲಾಬಾಯಿ, ಹಳೇ ದಫ್ತರದಾಗ ಇದು ರಂಗರೇಜ ಗಲ್ಲಿ ಅದ. ಬಣ್ಣ ಹಾಕೋರಿಗಿ ಉರ್ದುದಾಗ ರಂಗರೇಜ ಅಂತಾರ. ನೀಲಗಾರ ಅಂದ್ರೂ ಅವರೇ."

ಆಗ ಗಂಟು ಬಿಚ್ಚಿತು. ಕಚೇರಿಯ ದಾಖಲೆಯಲ್ಲಿ ಮನೆಗಳೆಲ್ಲ ಹಳೆಯ ಹೆಸರಿನಲ್ಲಿದ್ದವು, ಗಲ್ಲಿಯ ಮೂಲೆಯ ಗೋದಾಮು ಮಾತ್ರ ಹೊಸ ಹೆಸರಿನಲ್ಲಿತ್ತು. ಪಟ್ಟಿ ಮಾಡಿದವರು ರಂಗರೇಜ ಗಲ್ಲಿಯನ್ನು ಊರೆಲ್ಲ ಹುಡುಕಿ, ಸಿಗದೆ, ಆ ಹೆಸರನ್ನೇ ಹೊಡೆದುಹಾಕಿದ್ದರು.

ಶುಕ್ರವಾರ ಹನ್ನೊಂದು ಗಂಟೆಗೆ ಇಬ್ಬರೂ ಎಂಬತ್ತಾರು ಮನೆಗಳ ಅರ್ಜಿ ಹೊತ್ತು ಕಚೇರಿಗೆ ಹೋದರು. ಇಂಜಿನಿಯರ್ ನಂದಕುಮಾರ ಎಂಬ ತರುಣ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿದರು. ಅಜೀಜ ಮನೆಪತ್ರ ಓದಿದರು, ಲೀಲಾಬಾಯಿ ಕನ್ನಡದಲ್ಲಿ ಹೇಳಿದರು. ನಂದಕುಮಾರ ಎಲ್ಲ ಕೇಳಿ, "ಸೋಮವಾರ ನಾನೇ ಬಂದು ನೋಡ್ತೇನ್ರಿ," ಎಂದು ಸ್ವೀಕೃತಿ ಚೀಟಿಗೆ ಸಹಿ ಹಾಕಿದರು.

ಸೋಮವಾರ ಗಲ್ಲಿಯ ಪ್ರತಿ ಬಾಗಿಲಲ್ಲೂ ಜನ ನಿಂತಿದ್ದರು. ಕೂಸು ಎತ್ತಿಕೊಂಡವರು, ಕೋಲೂರಿದವರು, ಕೆಲಸಕ್ಕೆ ರಜೆ ಹಾಕಿದವರು. ನಂದಕುಮಾರ ಒಂದೊಂದೇ ಮನೆ ಎಣಿಸುತ್ತ ಗಲ್ಲಿಯ ಕೊನೆ ಮುಟ್ಟಿ ತಿರುಗಿ ಬಂದರು. ಮುಖ ಬಿಗಿದಿತ್ತು. ನೇರ ಲೀಲಾಬಾಯಿಯ ಮುಂದೆ ಬಂದು ನಿಂತರು.

"ನಿಮ್ಮ ಲೆಕ್ಕ ತಪ್ಪ್ಯದ್ರಿ ಬಾಯಿ."

"ಯಾಕ್ರಿ ಸಾಹೇಬ್ರ?"

"ಎಂಬತ್ತಾರಲ್ಲ, ಎಂಬತ್ತೆಂಟ ಅದಾವ. ಎರಡು ಮನಿ ನೀವೇ ಬಿಟ್ಟೀರಿ!"

ಇಡೀ ಗಲ್ಲಿ ನಕ್ಕಿತು. ಲೀಲಾಬಾಯಿ ಹಣೆ ಚಚ್ಚಿಕೊಂಡು, ಆ ಎರಡು ಫಾರಮು ಅಲ್ಲೇ ತುಂಬಿಸಿದರು.

ಅಂತಿಮ ಪಟ್ಟಿಯಲ್ಲಿ ಗಲ್ಲಿಯ ಹಳೆಯ, ಹೊಸ ಎರಡೂ ಹೆಸರು ಬಂದವು. ದಸರೆಯ ಹೊತ್ತಿಗೆ ಕಂದಕ ತೋಡಿ ನೀಲಿ ಪೈಪು ಇಳಿಸಿದರು, ದೀಪಾವಳಿಯ ಮುಂಚೆ ನೀರು ಬಂತು. ಮೊದಲು ಗಾಳಿ ಬುಸುಗುಟ್ಟಿ, ಕೆಸರು ಉಗುಳಿ, ಕೊನೆಗೆ ತಿಳಿಯಾಗಿ ಧುಮುಕಿತು. ಮನೆಯಿಂದ ಮನೆಗೆ "ಬಂತ್ರಿ! ಬಂತ್ರಿ!" ಎಂಬ ಕೂಗು ಓಡಿತು. ಲೀಲಾಬಾಯಿ ಬೊಗಸೆಯೊಡ್ಡಿ ಕುಡಿದರು, ಸೆರಗೆಲ್ಲ ತೊಯ್ದರೂ ನಲ್ಲಿ ಬಿಟ್ಟು ಏಳಲಿಲ್ಲ.

ಸುದ್ದಿ ಭಾಲ್ಕಿಯಲ್ಲಿದ್ದ ತಂಗಿಯ ಮಗಳು ಮಾನಸಿಗೆ ಮುಟ್ಟಿತು. "ಮಾವಶಿ, ನಮ್ಮ ಓಣಿ ಹೆಣ್ಮಕ್ಕಳಿಗೂ ಕಲಿಸ್ರಿ," ಎಂದು ಕರೆಸಿಕೊಂಡಳು. ಹನ್ನೊಂದು ಜನ ಬಂದರು. ಸೂಚನೆಯಲ್ಲಿ ಮೊದಲು ತಾರೀಖು ನೋಡಬೇಕು, ಅರ್ಜಿಗೆ ಸ್ವೀಕೃತಿ ಚೀಟಿ ಇಸಿದುಕೊಳ್ಳದೆ ಕಿಟಕಿ ಬಿಡಬಾರದು. ಲೀಲಾಬಾಯಿ ಕಲಿಸಿದ್ದು ಇಷ್ಟೇ. ಆಮೇಲೆ ಔರಾದಿನಿಂದಲೂ ಕರೆ ಬಂತು. ಹುಟ್ಟಿದ ಊರಿನ ದಾರಿಯ ಬಸ್ಸು ಹತ್ತಿ ಅಲ್ಲಿಗೂ ಹೋಗಿ ಬಂದರು.

ಕಳೆದ ತಿಂಗಳು, ಔರಾದಿನಲ್ಲಿ ಕಲಿತವರಲ್ಲೊಬ್ಬಳಾದ ಶಶಿಕಲಾ ಫೋನು ಮಾಡಿದಳು. ಎಂದೂ ಕಚೇರಿಯ ಮೆಟ್ಟಿಲು ಹತ್ತದವಳು, ಓಣಿಯ ಬೀದಿದೀಪಕ್ಕೆ ತಾನೇ ಅರ್ಜಿ ಬರೆದು ಒಯ್ದಿದ್ದಳು.

"ಬಾಯಿ, ನಾಳಿ ಬರ್ರಿ ಅಂದ್ರು. ಚೀಟಿ ಕೊಡೋತನಾ ಹೋಗಂಗಿಲ್ಲ ಅಂತ ಅಲ್ಲೇ ನಿಂತೆ. ಕೊಟ್ರು ನೋಡ್ರಿ! ಕೈಯಾಗ ಹಿಡ್ಕೊಂಡೇನಿ."

"ಓದು, ಏನ ಬರ್ದಾರ?" ಎಂದರು ಲೀಲಾಬಾಯಿ.

ಶಶಿಕಲಾ ಮೊಹರಿನಿಂದ ಹಿಡಿದು ಸಹಿಯವರೆಗೆ ಒಂದಕ್ಷರ ಬಿಡದೆ ಓದಿದಳು.