ಹಾರ್ಮೋನು ಹೆಚ್ಚಿಸದ ಮೇಡಂ

ಉಸಿರಿಗೆ ಕನ್ನಡಕ ಮಬ್ಬಾಗಬಾರದೆಂದು ಮೇಡಂ ಮಾಸ್ಕಿನ ಮೇಲಂಚಿಗೆ ಬಿಳಿ ಪ್ಲಾಸ್ಟರ್ ಅಂಟಿಸಿಕೊಳ್ಳುತ್ತಿದ್ದರು. ಸಂಜೆ ಅದನ್ನು ಕಿತ್ತಾಗ ಮೂಗಿನ ಮೇಲೆ ಉಳಿಯುತ್ತಿದ್ದ ಕೆಂಪು ಗೆರೆಯೊಂದಿಗೇ ಹಗರೆಯ ಬಸ್ಸು ಹತ್ತುತ್ತಿದ್ದರು.

ಬೇಲೂರಿನ ಹೊರಗೆ, ಬಾಟಲಿಗಳಲ್ಲಿ ಏಲಕ್ಕಿ ಬಾಳೆಯ ಸಸಿ ಬೆಳೆಸುವ ಲ್ಯಾಬು ಅದು. ಬಿ.ಎಸ್ಸಿ. ಮುಗಿಸಿ ಸೇರಿದ ನನಗೆ ಕೆಲಸ ಕಲಿಸಿದವರು ಅವರೇ. ಚಿಗುರಿಗೆ ಬೇರು ಮೂಡಿಸಲು ಅದನ್ನು ಆಕ್ಸಿನ್ ಎಂಬ ಹಾರ್ಮೋನು ಬೆರೆಸಿದ ಜೆಲ್ಲಿಗೆ ಬದಲಿಸಬೇಕು. ಲೀಟರಿಗೆ ಚಿಟಿಕೆಗಿಂತ ಎಷ್ಟೋ ಕಡಿಮೆ ಸಾಕು.

"ಬೇರು ಬಿಡು ಅಂತ ಮೆಲ್ಲಗೆ ಹೇಳ್ಬೇಕು ಕಣೇ. ಕಿವೀಲಿ ಕೂಗ್ತಾನೇ ಇದ್ರೆ ಗಿಡ ಗಾಬರಿಬಿದ್ದು ಬುಡದಲ್ಲಿ ಬರೀ ಗಡ್ಡೆ ಕಟ್ಕೊಳ್ತದೆ," ಎನ್ನುತ್ತಿದ್ದರು.

ಅರೇಹಳ್ಳಿಯ ತೋಟದವರಿಗೆ ಸಸಿ ಕೊಡುವ ಗಡುವು ಹತ್ತಿರವಾಗಿತ್ತು. ಒಂದು ದಿನ ಲ್ಯಾಬಿನ ಮಾಲೀಕರು ಒಳಗೆ ನುಗ್ಗಿದರು.

"ಏನ್ರೀ ಮೇಡಂ, ಬೇರು ಬೇಗ ಬರೋಕೆ ಹಾರ್ಮೋನು ಎರಡು ಪಾಲು ಹಾಕಿದ್ರೆ ನಿಮ್ಮನೇದೇನ್ ಹೋಗ್ತೈತೆ?"

"ನಮ್ಮನೇದೇನೂ ಹೋಗಲ್ಲ ಸಾರ್. ಮಣ್ಣಿಗಿಟ್ಟ ವಾರಕ್ಕೆ ಸಸಿ ಹೋಗ್ತದೆ. ನಾನು ಹಾಕಲ್ಲ."

"ಹಂಗಾದ್ರೆ ಉಳಿದ ಚಿಗುರೆಲ್ಲ ಇವತ್ತೇ ಜೆಲ್ಲಿಗೆ ಬದಲಾಯಿಸಿ!" ಎಂದು ಅವರು ನನ್ನ ಬೆನ್ನ ಹಿಂದೆಯೇ ನಿಂತರು.

ಸ್ಪಿರಿಟ್‌ನಿಂದ ಮೇಜು ಒರೆಸಿದ ಮೇಲೆ, ಅದು ಆರುವವರೆಗೆ ಚಿಮಟ ಕಾಯಿಸುವ ಬರ್ನರ್ ಹಚ್ಚಬಾರದು. ನಾನು ಒರೆಸಿ ಕಾಯುತ್ತಿದ್ದೆ. "ಏನಮ್ಮಾ, ಗಾಳಿ ತಗೊಳ್ತಾ ಕೂತಿದ್ದೀಯಾ?" ಎಂದರು ಮಾಲೀಕರು. ನಾನು ಕಾಯದೆ ಬರ್ನರ್ ಹಚ್ಚಿದೆ. ನೀಲಿ ಬೆಂಕಿ ಮೇಜಿನುದ್ದಕ್ಕೂ ಓಡಿ ನನ್ನ ಗ್ಲೌಸಿಗೆ ಹತ್ತಿತು. ಈಗಲೂ ಕಣ್ಣು ಮುಚ್ಚಿದರೆ ಅದೇ ನೀಲಿ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಮಾಲೀಕರು ಬಾಗಿಲಾಚೆ ಓಡಿದ್ದರು. ಮೇಡಂ ನನ್ನ ಕೈಯನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ ಎದೆಗೆ ಅವುಚಿಕೊಂಡರು. ಸುಟ್ಟದ್ದು ಹೆಚ್ಚಾಗಿ ಅವರ ಮುಂಗೈ.

ಮರುದಿನ ಮಾಲೀಕರು ಅವಘಡ ಬರೆದಿಡುವ ರಿಜಿಸ್ಟರನ್ನು ಮೇಡಂ ಮುಂದಿಟ್ಟು, "ಹುಡುಗಿಯ ಅಜಾಗರೂಕತೆ ಅಂತ ಬರೀರಿ" ಎಂದರು.

"ಹಂಗೆ ಬರೆದ್ರೆ ಇವಳಿಗೆ ಯಾವ ಲ್ಯಾಬಲ್ಲೂ ಕೆಲಸ ಸಿಗಲ್ಲ," ಎಂದ ಮೇಡಂ ಬ್ಯಾಂಡೇಜಿನ ಕೈಯಲ್ಲೇ ಬರೆದರು: 'ಮಾಲೀಕರು ಅವಸರಪಡಿಸಿದರು. ಅವರನ್ನು ತಡೆಯದಿದ್ದುದು ನನ್ನ ತಪ್ಪು.'

"ನಿಮಗೆ ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್. ಬರೆದಿದ್ದು ಮಾತ್ರ ಹೊಡೆದು ಹಾಕಲ್ಲ."

ಮಾಲೀಕರು ರಿಜಿಸ್ಟರನ್ನು ನನ್ನತ್ತ ತಳ್ಳಿದರು. "ನೀನಾದ್ರೂ ಬುದ್ಧಿ ಉಪಯೋಗ್ಸಮ್ಮ."

ಮೇಡಂ ಬರೆದದ್ದರ ಕೆಳಗೆ 'ಇದು ನಿಜ' ಎಂದು ಬರೆದು ಸಹಿ ಹಾಕಿದೆ. ಇಬ್ಬರನ್ನೂ ಅಂದೇ ಆಚೆ ಕಳಿಸಿದರು.

"ಪೆದ್ದಿ, ಒಬ್ಬರ ಕೆಲಸ ಹೋಗಿದ್ರೆ ಸಾಕಿತ್ತಲ್ಲೇ!" ಬಸ್ ಸ್ಟ್ಯಾಂಡಿನವರೆಗೂ ಮೇಡಂ ನನ್ನನ್ನು ಬೈದರು. ಬೈಸಿಕೊಂಡೆ. ಅಂದು ಉಳಿಸಿದ ಈ ಕೈಗೆ ನಾನು ಅವರ ಋಣಿ. ಅದರಿಂದ ಹಾಕಿದ ಸಹಿಯನ್ನು ಯಾರು ಕೇಳಿದರೂ ಹಿಂದೆ ತೆಗೆದುಕೊಳ್ಳುವುದಿಲ್ಲ.